ಇಥಾಕಾದ ಮಗ್ಗದ ಮುಂದೆ

ಪ್ರಾಚೀನ ಗ್ರೀಕರ ಪುರಾಣಕಥೆಗಳಲ್ಲಿ ನಿಮ್ಮ ಮನಸ್ಸಿಗೆ ಅತ್ಯಂತ ಪ್ರಿಯವಾದ ಪಾತ್ರ ಯಾವುದೆಂದು, ಓದುವ ಹವ್ಯಾಸವುಳ್ಳ ನಾಲ್ವರು ಸೇರಿದೆಡೆ ಕೇಳಿ ನೋಡಿ; ಮುಂದಿನ ಕಾಫಿ ಆರಿ ತಣ್ಣಗಾದರೂ ಚರ್ಚೆ ಮುಗಿಯುವುದಿಲ್ಲ. ದೇವಲೋಕದಿಂದ ಬೆಂಕಿಯನ್ನು ಕದ್ದು ತಂದು ಮನುಷ್ಯರಿಗಿತ್ತು, ಆ ಅಪರಾಧಕ್ಕಾಗಿ ಬಂಡೆಗೆ ಬಂಧಿತನಾಗಿ ದಿನದಿನವೂ ಹದ್ದಿನ ಕೊಕ್ಕಿಗೆ ಈಡಾದ ಪ್ರೊಮಿಥಿಯಸ್‌ನನ್ನು ಒಬ್ಬರು ಎತ್ತಿಹಿಡಿಯುತ್ತಾರೆ. ಹನ್ನೆರಡು ಅಸಾಧ್ಯ ಕಾರ್ಯಗಳನ್ನು ಸಾಧಿಸಿದ ಹೆರಾಕ್ಲಿಸ್‌ನಿಗೆ ಹುಡುಗರ ಮತಗಳೆಲ್ಲವೂ ಬೀಳುತ್ತವೆ. ಟ್ರಾಯ್ ನಗರ ಒಂದು ದಿನ ಬಿದ್ದೇ ಬೀಳುವುದೆಂದು ಮನಸ್ಸಿನಲ್ಲಿ ತಿಳಿದಿದ್ದೂ ಅದಕ್ಕಾಗಿ ಕಾದಾಡಿದ ಹೆಕ್ಟರ್‌ನನ್ನು ನೆನೆದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಅರಸನ ಆಜ್ಞೆಯನ್ನು ಮೀರಿ ಸೋದರನ ಶವಕ್ಕೆ ಮಣ್ಣು ಹಾಕಿದ ಆಂಟಿಗನಿಯನ್ನು ಕಾಲೇಜಿನ ಹೆಣ್ಣುಮಕ್ಕಳು ಬಿಟ್ಟುಕೊಡುವುದಿಲ್ಲ.

ಇವರೆಲ್ಲರಿಗೂ ದೂರದಿಂದಲೇ ಕೈಮುಗಿದು, ನನ್ನ ಒಂದು ಮತವನ್ನು ಮಗ್ಗದ ಮುಂದೆ ನಿಂತಿರುವ ಒಬ್ಬ ಗೃಹಿಣಿಗೆ ಕೊಡಬಯಸುತ್ತೇನೆ. ಅವಳು ಹೋಮರ್ ಮಹಾಕವಿಯ 'ಒಡಿಸ್ಸಿ'ಯಲ್ಲಿ ಬರುವ ಪೆನೆಲೊಪೆ, ಗ್ರೀಸಿನ ಪಶ್ಚಿಮದ ಕಡಲಿನಲ್ಲಿರುವ ಇಥಾಕಾ ಎಂಬ ಕಲ್ಲುನೆಲದ ಪುಟ್ಟ ದ್ವೀಪದ ರಾಣಿ, ಒಡಿಸ್ಯೂಸ್‌ನ ಮಡದಿ.

ಪೆನೆಲೊಪೆಯ ಹೆಸರು ಕೇಳಿದೊಡನೆ ಬಹುಮಂದಿ ಹೇಳುವ ಮಾತು ಒಂದೇ: ಆಕೆ ಮಹಾಪತಿವ್ರತೆ, ಗಂಡನಿಗಾಗಿ ಇಪ್ಪತ್ತು ವರ್ಷ ಕಾದಳು. ಮಾತೇನೋ ಸುಳ್ಳಲ್ಲ. ಟ್ರಾಯ್ ಯುದ್ಧಕ್ಕೆ ಹತ್ತು ವರ್ಷ, ಅಲ್ಲಿಂದ ಮನೆ ಸೇರಲು ಮತ್ತೆ ಹತ್ತು ವರ್ಷ. ಆದರೆ 'ಕಾದಳು' ಎಂಬ ಆ ಒಂದು ಕ್ರಿಯಾಪದದಲ್ಲಿ ಅವಳಿಗೆ ಎಷ್ಟೊಂದು ಅನ್ಯಾಯವಾಗಿದೆ! ಕಿಟಕಿಯ ಬಳಿ ಕುಳಿತು ಕಡಲನ್ನು ನೋಡುತ್ತ ಕಣ್ಣೀರಿಡುವುದೂ ಕಾಯುವಿಕೆಯೇ. ಪೆನೆಲೊಪೆ ಕಣ್ಣೀರಿಟ್ಟಳು, ನಿಜ. ಅದರ ಜೊತೆಗೆ ಬೇರೆ ಕೆಲಸವನ್ನೂ ಮಾಡಿದಳು.

ಅವಳ ಪರಿಸ್ಥಿತಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಗಂಡ ಬದುಕಿರುವನೋ ಇಲ್ಲವೋ ತಿಳಿಯದು. ಕೈಗೂಸಾಗಿದ್ದ ಮಗ ಟೆಲಿಮಾಕಸ್ ಈಗ ಮೀಸೆ ಮೂಡುವ ವಯಸ್ಸಿನವನು. ಮಾವ ಲಾಯರ್ಟಿಸ್ ಮನೆಯನ್ನೇ ತೊರೆದು ತೋಟದಲ್ಲಿ ಚಿಂದಿಯುಟ್ಟು ಬದುಕುತ್ತಿದ್ದಾನೆ. ಅವಳನ್ನು ವರಿಸಬೇಕೆಂದು ಸುತ್ತಣ ದ್ವೀಪಗಳಿಂದಲೂ ಇಥಾಕಾದಿಂದಲೂ ಬಂದ ಯುವಕರು ಮನೆಯಲ್ಲೇ ಬೀಡುಬಿಟ್ಟಿದ್ದಾರೆ. ಊರೂರಿನ ಲೆಕ್ಕವನ್ನು ಟೆಲಿಮಾಕಸ್ ಒಪ್ಪಿಸುತ್ತಾನೆ. ಕೂಡಿದರೆ 108 ಮಂದಿ! ದಿನವೂ ಅವರಿಗೆ ಹಂದಿ, ಆಡು, ಎತ್ತುಗಳ ಔತಣ, ದ್ರಾಕ್ಷಾರಸದ ಸಮಾರಾಧನೆ. ಖರ್ಚು ಮಾತ್ರ ಒಡಿಸ್ಯೂಸ್‌ನ ಮನೆಯದು. ತವರಿನವರೋ, ಇನ್ನಾದರೂ ಮರುಮದುವೆಯಾಗು ಎಂದು ಒತ್ತಾಯಿಸುತ್ತಿದ್ದಾರೆ.

ಇದಕ್ಕಿಂತಲೂ ಕಠಿಣವಾದ ಸಂಗತಿ ಇನ್ನೊಂದಿದೆ. ಯುದ್ಧಕ್ಕೆ ಹೊರಡುವಾಗ ಒಡಿಸ್ಯೂಸ್ ಅವಳ ಬಲಗೈಯನ್ನು ಹಿಡಿದುಕೊಂಡು, ಮಗನಿಗೆ ಗಡ್ಡ ಮೂಡುವವರೆಗೆ ಮನೆಯನ್ನು ನೋಡಿಕೋ, ಆಮೇಲೆ ನಿನಗೆ ಇಷ್ಟವಾದವನನ್ನು ವರಿಸಿ ಹೋಗು ಎಂದು ಹೇಳಿದ್ದನಂತೆ. ಅಂದರೆ ಅವಳು ಹೊರಟುಹೋಗಿದ್ದರೂ ಗಂಡನ ಮಾತನ್ನು ಮೀರಿದಂತಾಗುತ್ತಿರಲಿಲ್ಲ. ಉಳಿದರೆ ಮಗನ ಆಸ್ತಿ ಕರಗುತ್ತದೆ. ಹೊರಟರೆ ತನ್ನ ಬಾಳೇ ಕರಗುತ್ತದೆ. ಒಂದು ಸಂಸಾರವನ್ನು ನಡೆಸಿದ ಯಾರಿಗಾದರೂ ಈ ಇಕ್ಕಟ್ಟಿನ ಭಾರ ತಿಳಿಯದಿರದು.

ಕೈಯಲ್ಲಿ ಕತ್ತಿಯಿಲ್ಲದ, ಬೆನ್ನಿಗೆ ಸೈನ್ಯವಿಲ್ಲದ ಈ ಹೆಂಗಸು ಆಗ ಹೂಡಿದ ಉಪಾಯ ಲೋಕಪ್ರಸಿದ್ಧವಾದುದು. ಮುದುಕನಾದ ಮಾವನ ಶವಕ್ಕೆ ಹೊದಿಸುವ ವಸ್ತ್ರವನ್ನು ನೇಯ್ದು ಮುಗಿಸುವವರೆಗೆ ತಾಳಿ, ಅಷ್ಟೊಂದು ಐಶ್ವರ್ಯ ಗಳಿಸಿದ ಹಿರಿಯನು ಹೊದಿಕೆಯಿಲ್ಲದೆ ಹೋದರೆ ಊರ ಹೆಂಗಸರು ನನ್ನನ್ನು ಆಡಿಕೊಳ್ಳುವುದಿಲ್ಲವೆ, ಎಂದಳು. ಎಂಥ ಜಾಣತನ ನೋಡಿ! ಸೊಸೆಯ ಕರ್ತವ್ಯಕ್ಕೆ ಅಡ್ಡಿ ಬರುವ ಧೈರ್ಯ ಯಾವ ವರನಿಗಿದೆ? ಹೆಣ್ಣಿಗೆ ಲೋಕ ಹೇರಿದ ಕಟ್ಟುಪಾಡನ್ನೇ ಅವಳು ತನ್ನ ಗುರಾಣಿಯಾಗಿ ಮಾಡಿಕೊಂಡಳು. ಹಗಲೆಲ್ಲ ನೇಯುವುದು, ರಾತ್ರಿ ಪಂಜಿನ ಬೆಳಕಿನಲ್ಲಿ ನೇಯ್ದುದನ್ನು ಬಿಚ್ಚುವುದು. ಹೀಗೆ ಮೂರು ವರ್ಷ ನಡೆಯಿತು. ನಾಲ್ಕನೆಯ ವರ್ಷ ದಾಸಿಯೊಬ್ಬಳು ಗುಟ್ಟನ್ನು ಹೊರಗೆಡಹಿದಳು.

ಆ ಕಾಲದ ಗ್ರೀಕ್ ಮಗ್ಗ ನಮ್ಮ ಕುಣಿಮಗ್ಗದಂತೆ ಕುಳಿತು ನೇಯುವಂಥದಲ್ಲ. ಅದು ನೆಟ್ಟಗೆ ನಿಲ್ಲುವ ಚೌಕಟ್ಟು. ಮೇಲಿನ ಅಡ್ಡದಿಮ್ಮಿಯಿಂದ ಹಾಸಿನ ಎಳೆಗಳನ್ನು ಇಳಿಬಿಟ್ಟು, ಅವು ಬಿಗಿಯಾಗಿ ನಿಲ್ಲುವಂತೆ ತುದಿಗೆ ಸುಟ್ಟ ಮಣ್ಣಿನ ಇಲ್ಲವೆ ಕಲ್ಲಿನ ಗುಂಡುಗಳನ್ನು ಕಟ್ಟುತ್ತಿದ್ದರು. ನೇಯುವವಳು ಅದರ ಮುಂದೆ ನಿಂತು, ಅತ್ತಿಂದಿತ್ತ ನಡೆದಾಡುತ್ತ, ಹೊಕ್ಕಿನ ನೂಲನ್ನು ಮೇಲ್ಮುಖವಾಗಿ ಬಡಿದು ಕೂಡಿಸಬೇಕು. ಇಂಥ ಮಣ್ಣಿನ ಗುಂಡುಗಳು ಗ್ರೀಸಿನ ಹಳೆಯ ನಿವೇಶನಗಳ ಉತ್ಖನನದಲ್ಲಿ ಹೇರಳವಾಗಿ ಸಿಕ್ಕಿವೆ. ಹಗಲಿನ ದುಡಿಮೆಯನ್ನು ಇರುಳಿನಲ್ಲಿ ತನ್ನ ಕೈಯಿಂದಲೇ ಅಳಿಸುವುದಕ್ಕೆ ಎಂಥ ಎದೆಗಾರಿಕೆ ಬೇಕು! ಇಟಲಿಯ ಕಿಯೂಸಿ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ಕ್ರಿಸ್ತಪೂರ್ವ 440ರ ಸುಮಾರಿನ ಒಂದು ಪಾನಪಾತ್ರೆಯಿದೆ. ಅದರ ಮೇಲೆ ಪೆನೆಲೊಪೆ ಕೆನ್ನೆಗೆ ಕೈಯಾನಿಸಿ ತಲೆ ತಗ್ಗಿಸಿ ಕುಳಿತಿದ್ದಾಳೆ. ಹಿಂದೆ ಮಗ್ಗ, ಎದುರಿಗೆ ಈಟಿ ಹಿಡಿದ ಮಗ. ಆ ಮುಖದಲ್ಲಿ ದುಃಖಕ್ಕಿಂತಲೂ ದಣಿವೇ ಹೆಚ್ಚಾಗಿ ಕಾಣುತ್ತದೆ.

ಅವಳ ಬುದ್ಧಿಗೆ ಅತಿ ದೊಡ್ಡ ಪ್ರಶಸ್ತಿಪತ್ರವನ್ನು ಬರೆದುಕೊಟ್ಟವನು ಅವಳ ಶತ್ರುವೇ. ವರರ ಮುಂದಾಳಾದ ಆಂಟಿನೋಸ್ ತುಂಬಿದ ಸಭೆಯಲ್ಲಿ ಅವಳನ್ನು ದೂರುತ್ತ, ಹಿಂದಿನ ಕಾಲದ ಪ್ರಸಿದ್ಧ ಸ್ತ್ರೀಯರಲ್ಲಿ ಯಾರಿಗೂ ಇಂಥ ಚತುರಬುದ್ಧಿ ಇರಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಬೈಯಲು ಹೊರಟವನ ಬಾಯಿಂದ ಹೊಗಳಿಕೆ ಬಂದರೆ ಅದಕ್ಕಿಂತ ನಂಬಲರ್ಹವಾದ ಸಾಕ್ಷ್ಯ ಬೇರುಂಟೆ?

ಆದರೆ ನಾನು ಪೆನೆಲೊಪೆಯನ್ನು ಆರಿಸಿಕೊಂಡಿರುವುದು ಈ ಮಗ್ಗದ ಉಪಾಯಕ್ಕಾಗಿ ಮಾತ್ರವಲ್ಲ. ಕಥೆಯ ಕೊನೆಯಲ್ಲಿ ಅವಳು ನಡೆದುಕೊಂಡ ರೀತಿಗಾಗಿ. ಒಡಿಸ್ಯೂಸ್ ಭಿಕ್ಷುಕನ ವೇಷದಲ್ಲಿ ಮನೆಗೆ ಬರುತ್ತಾನೆ. ಹನ್ನೆರಡು ಕೊಡಲಿಗಳ ಸಾಲಿನ ನಡುವೆ ಬಾಣ ತೂರಿಸುವ ಪಂದ್ಯವನ್ನು ಪೆನೆಲೊಪೆಯೇ ಏರ್ಪಡಿಸುತ್ತಾಳೆ. ಗಂಡನ ಹಳೆಯ ಬಿಲ್ಲನ್ನೂ ತಾನೇ ಹೊರತರುತ್ತಾಳೆ. ಭಿಕ್ಷುಕನು ಯಾರೆಂದು ಅವಳು ಮೊದಲೇ ಊಹಿಸಿದ್ದಳೆ? ಇದು ಬಹು ಹಳೆಯ ಜಿಜ್ಞಾಸೆ. ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ತತ್ತ್ವಜ್ಞಾನಿ ಸೆನೆಕ, ಇಂಥ ಪ್ರಶ್ನೆಗಳಲ್ಲಿ ಹೊತ್ತು ಕಳೆಯುವುದು ವ್ಯರ್ಥವೆಂದು ಆಗಲೇ ಗೊಣಗಿದ್ದಾನೆ. ಅವನ ಗೊಣಗಾಟಕ್ಕೆ ಸೊಪ್ಪು ಹಾಕದೆ ವಿದ್ವಾಂಸರು ಇಂದಿಗೂ ವಾದಿಸುತ್ತಲೇ ಇದ್ದಾರೆ.

ವರರೆಲ್ಲರೂ ಹತರಾದ ಮೇಲೆ ದಾದಿ ಯೂರಿಕ್ಲಿಯಾ ಸಂತೋಷದಿಂದ ಓಡಿಬಂದು ಒಡೆಯನು ಮರಳಿದನೆಂದು ಸುದ್ದಿ ಹೇಳುತ್ತಾಳೆ. ಸಾಮಾನ್ಯ ಕವಿಯಾಗಿದ್ದರೆ ಇಲ್ಲಿ ನಾಯಕಿಯನ್ನು ಓಡಿಸಿಕೊಂಡು ಹೋಗಿ ನಾಯಕನ ಕಾಲಿಗೆ ಬೀಳಿಸುತ್ತಿದ್ದ. ಹೋಮರ್ ಹಾಗೆ ಮಾಡುವುದಿಲ್ಲ. ಪೆನೆಲೊಪೆ ಬಂದು, ಎದುರು ಗೋಡೆಯ ಬಳಿ ಬೆಂಕಿಯ ಬೆಳಕಿನಲ್ಲಿ ಮೌನವಾಗಿ ಕುಳಿತುಕೊಳ್ಳುತ್ತಾಳೆ. ನಿನ್ನ ಎದೆ ಕಲ್ಲಿಗಿಂತಲೂ ಗಟ್ಟಿ ಎಂದು ಮಗ ಸಿಡಿಮಿಡಿಗೊಳ್ಳುತ್ತಾನೆ. ಅವಳ ಉತ್ತರ ಸರಳ: ಇವನು ನಿಜವಾಗಿಯೂ ಒಡಿಸ್ಯೂಸ್ ಆಗಿದ್ದರೆ, ನಮ್ಮಿಬ್ಬರಿಗೆ ಮಾತ್ರ ತಿಳಿದ ಗುರುತುಗಳಿವೆ.

ಆಮೇಲೆ, ಯಜಮಾನನು ತನ್ನ ಕೈಯಾರೆ ಮಾಡಿದ ಮಂಚವನ್ನು ಕೋಣೆಯಿಂದ ಹೊರಗೆ ತಂದು ಹಾಸಿಗೆ ಹಾಸೆಂದು ದಾದಿಗೆ ಹೇಳುತ್ತಾಳೆ. ಕೇಳಿದ ಕೂಡಲೆ ಒಡಿಸ್ಯೂಸ್ ಕೆರಳುತ್ತಾನೆ. ಆ ಮಂಚವನ್ನು ಕದಲಿಸಿದವರು ಯಾರು? ಅಂಗಳದಲ್ಲಿ ಕಂಬದಂತೆ ಬೆಳೆದಿದ್ದ ಆಲಿವ್ ಮರದ ಸುತ್ತ ಆ ಕೋಣೆಯನ್ನು ಕಟ್ಟಿದವನು ಅವನು. ಮರದ ತಲೆಯನ್ನು ಕಡಿದು, ಬೇರುಸಹಿತ ನಿಂತ ಬೊಡ್ಡೆಯನ್ನೇ ಕೆತ್ತಿ ಮಂಚದ ಕಾಲನ್ನಾಗಿ ಮಾಡಿದವನೂ ಅವನೇ. ಅದು ಕದಲುವ ಮಂಚವಲ್ಲ! ಲೋಕದ ಮಹಾಚತುರನೆನಿಸಿದವನು ಹೆಂಡತಿಯ ಒಂದು ಮಾತಿಗೆ ಸಿಕ್ಕಿಬಿದ್ದು ಗುಟ್ಟನ್ನೆಲ್ಲ ಒದರಿಬಿಟ್ಟ. ಆಗ, ಆ ಗಳಿಗೆಯಲ್ಲಿ ಮಾತ್ರ, ಪೆನೆಲೊಪೆಯ ಮೊಳಕಾಲು ಕುಸಿಯುತ್ತವೆ; ಅಳುತ್ತ ಓಡಿಬಂದು ಅವನ ಕೊರಳನ್ನು ತಬ್ಬುತ್ತಾಳೆ. ಯಾವನೋ ವಂಚಕನು ಬಂದು ಮಾತಿನಲ್ಲಿ ಮೋಸಮಾಡಿಯಾನೆಂಬ ಭಯದಿಂದಲೇ ತಾನು ಬಾಳಿದೆನೆಂದು ಹೇಳಿ, ಕೋಪಿಸಬೇಡವೆಂದು ಕೇಳಿಕೊಳ್ಳುತ್ತಾಳೆ.

ಈ ಸನ್ನಿವೇಶವನ್ನು ಓದುವಾಗ ನಮ್ಮ ದಮಯಂತಿಯ ನೆನಪಾಗದಿರದು. ಕನಕದಾಸರ 'ನಳಚರಿತ್ರೆ'ಯಿಂದ ಕನ್ನಡದ ಮನೆಮನೆಗೂ ಪರಿಚಿತಳಾದ ಆ ಸಾಧ್ವಿಯೂ ಎರಡನೆಯ ಸ್ವಯಂವರದ ಸುದ್ದಿ ಹಬ್ಬಿಸಿ, ಬಾಹುಕನೆಂಬ ಕುರೂಪಿ ಸಾರಥಿಯನ್ನು ಪರೀಕ್ಷಿಸಿಯೇ ನಳನನ್ನು ಗುರುತಿಸಿದಳು. ಕಥೆಗಳಲ್ಲಿ ಸಾಮಾನ್ಯವಾಗಿ ಪರೀಕ್ಷೆಗೆ ನಿಲ್ಲುವವಳು ಹೆಂಡತಿ. ಈ ಇಬ್ಬರು ಮಾತ್ರ ಪರೀಕ್ಷಕರ ಪೀಠದಲ್ಲಿ ಕುಳಿತವರು. ಅದರಿಂದ ಅವರ ಪ್ರೇಮಕ್ಕೆ ಯಾವ ಕುಂದೂ ಬರಲಿಲ್ಲ. ಇಪ್ಪತ್ತು ವರ್ಷ ಜೋಪಾನ ಮಾಡಿದ್ದನ್ನು ಕ್ಷಣದ ಆವೇಶಕ್ಕೆ ಒಪ್ಪಿಸಿಬಿಡದಿರುವುದೂ ಪ್ರೇಮದ ಒಂದು ರೂಪವೇ ಸರಿ.

ಈ ಕಥೆಯಲ್ಲಿ ಕರಿನೆರಳು ಇಲ್ಲದಿಲ್ಲ. ಪೆನೆಲೊಪೆ ಮೇಲಿನ ಕೋಣೆಯಲ್ಲಿ ನಿದ್ರಿಸುತ್ತಿದ್ದಾಗ, ವರರೊಡನೆ ಸೇರಿಕೊಂಡರೆಂಬ ದೋಷಕ್ಕಾಗಿ ಹನ್ನೆರಡು ಮಂದಿ ದಾಸಿಯರನ್ನು ಟೆಲಿಮಾಕಸ್ ನೇಣಿಗೆ ಹಾಕಿಸಿದ. ಕೆನಡಾದ ಲೇಖಕಿ ಮಾರ್ಗರೆಟ್ ಆಟ್‌ವುಡ್ 2005ರಲ್ಲಿ ಪ್ರಕಟಿಸಿದ 'ಪೆನೆಲೊಪಿಯಾಡ್' ಎಂಬ ಕಿರುಕಾದಂಬರಿಯಲ್ಲಿ ಆ ದಾಸಿಯರಿಗೆ ಬಾಯಿ ಕೊಟ್ಟು ಮಾತನಾಡಿಸಿದ್ದಾರೆ. ಗೆದ್ದ ಮನೆಯ ಸಂತೋಷದಲ್ಲಿ ಆ ಹನ್ನೆರಡು ಜನರನ್ನು ಮರೆಯುವುದು ಓದುಗನಿಗೆ ತಕ್ಕುದಲ್ಲ.

ಇಷ್ಟಾದರೂ ನನ್ನ ಮತ ಬದಲಾಗುವುದಿಲ್ಲ. ವೀರರೆಲ್ಲರೂ ಹೊರಗೆ ಹೋಗಿ ಏನನ್ನೋ ಗೆದ್ದು ತಂದರು. ಪೆನೆಲೊಪೆ ಇದ್ದಲ್ಲಿಯೇ ಇದ್ದು, ಇದ್ದುದನ್ನು ಉಳಿಸಿದಳು. ಹೋಮರ್ ಕವಿಗೂ ಇದು ಗೊತ್ತಿತ್ತು. ಗಂಡನನ್ನು ಕಂಡ ಅವಳ ಸಂತೋಷವನ್ನು ಅವನು ಹೋಲಿಸುವುದು, ಹಡಗು ಒಡೆದು ಕಡಲಿನಲ್ಲಿ ಈಜಿ ಈಜಿ ಕೊನೆಗೆ ದಡ ಕಂಡವನ ಸಂತೋಷಕ್ಕೆ. ಕಡಲಲ್ಲಿ ಈಜಿದವನು ಒಡಿಸ್ಯೂಸ್ ಅಲ್ಲವೆ? ಆದರೂ ಉಪಮೆ ಅವಳಿಗೆ ಸಂದಿದೆ. ಮನೆಯ ನಾಲ್ಕು ಗೋಡೆಗಳ ನಡುವೆ ಅವಳು ಈಜಿದ ಕಡಲು ಅದಕ್ಕಿಂತ ಚಿಕ್ಕದಲ್ಲವೆಂಬುದೇ ಕವಿಯ ತೀರ್ಪು.

ವಾಚಕರಲ್ಲಿ ಕೆಲವರ ಆಯ್ಕೆ ಬೇರೆಯಾಗಿರಬಹುದು, ಇರಲಿ. ಯಾರನ್ನು ಆರಿಸಿದಿರಿ ಎಂಬುದಕ್ಕಿಂತ ಏಕೆ ಆರಿಸಿದಿರಿ ಎಂಬುದರಲ್ಲಿಯೇ ಸ್ವಾರಸ್ಯವಿದೆ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರನ್ನೆಲ್ಲ ಈ ಪ್ರಶ್ನೆ ಕೇಳಿ ನೋಡಿ. ಉತ್ತರಗಳಿಂದ ಗ್ರೀಸಿನ ವಿಚಾರ ಎಷ್ಟು ತಿಳಿಯುವುದೋ ಹೇಳಲಾರೆ. ನಿಮ್ಮ ಮನೆಯವರ ವಿಚಾರ ಮಾತ್ರ ಚೆನ್ನಾಗಿ ತಿಳಿಯುವುದು.