ಮಕ್ಕಳ ಪಾಲನೆ: ಹಾಲುಹಲ್ಲೂ ಅರಿವಳಿಕೆಯೂ

ಅಂತರಘಟ್ಟೆಯ ಅಮ್ಮನವರ ಜಾತ್ರೆಗೆಂದು ಹೋದವರು ನಾವು ಪರಿಚಿತರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆವು. ಎತ್ತಿನ ಗಾಡಿಗಳ ಸಾಲು, ಗೆಜ್ಜೆಯ ಸದ್ದು, ಬೆಂಡುಬತ್ತಾಸಿನ ಅಂಗಡಿಗಳು. ಇಷ್ಟೆಲ್ಲ ಸಂಭ್ರಮವಿದ್ದರೂ ಆ ಮನೆಯ ನಾಲ್ಕು ವರ್ಷದ ಹೆಣ್ಣುಮಗು ಕೆನ್ನೆಗೆ ಕೈಯಿಟ್ಟು ಮೂಲೆಯಲ್ಲಿ ಕುಳಿತಿತ್ತು. ತುಟಿಯನ್ನೆತ್ತಿ ನೋಡಲಾಗಿ ಮೇಲಿನ ಮುಂಬಲ್ಲುಗಳು ಕಪ್ಪಾಗಿ ಮೊಟಕಾಗಿದ್ದವು. ದವಡೆಯ ಹಲ್ಲುಗಳಲ್ಲಿ ಕುಳಿಗಳು ಬಿದ್ದಿದ್ದವು. ಮುದ್ದೆಯನ್ನು ಅಗಿಯದೆ ನುಂಗುವುದೇ ನಮ್ಮ ಸೀಮೆಯ ಪದ್ಧತಿಯಾದುದರಿಂದ, ಮಗು ಅಗಿಯಲಾರದೆಂಬುದು ಮನೆಯವರಿಗೆ ಬಹುಕಾಲ ತಿಳಿದೇ ಇರಲಿಲ್ಲ!

ಪೂರ್ಣ ಅರಿವಳಿಕೆ ಕೊಟ್ಟು ಎಲ್ಲ ಹಲ್ಲುಗಳನ್ನೂ ಒಮ್ಮೆಗೇ ಸರಿಪಡಿಸಬೇಕೆಂದು ದಂತವೈದ್ಯರು ಹೇಳಿದ್ದರಂತೆ. ಅಜ್ಜಿಯವರು ನಮ್ಮನ್ನು ಕೇಳಿದರು: “ಹೇಗೂ ಬಿದ್ದುಹೋಗೋ ಹಲ್ಲು. ಅದಕ್ಕೋಸ್ಕರ ಮಗೂನ ಎಚ್ಚರ ತಪ್ಪಿಸಬೇಕಾ?”

ಪ್ರಶ್ನೆ ನ್ಯಾಯವಾದುದೇ. ಹಾಲುಹಲ್ಲುಗಳು 20. ಮುಂಬಲ್ಲುಗಳು ಆರೇಳನೆಯ ವರ್ಷಕ್ಕೆ ಬೀಳುವುವಾದರೂ, ದವಡೆಯ ಹಲ್ಲುಗಳು ಹತ್ತು ಹನ್ನೆರಡು ವರ್ಷಗಳವರೆಗೆ ದುಡಿಯತಕ್ಕವು. ಅವುಗಳ ಬೇರಿನಲ್ಲಿ ಕೀವು ಕಟ್ಟಿದರೆ ಮುಖ ಊದುವುದು, ಜ್ವರ ಬರುವುದು, ನಿದ್ದೆ ಕೆಡುವುದು. ಅಡಿಯಲ್ಲಿ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಕೇಡು ತಟ್ಟಬಹುದು.

ಒಂದೆರಡು ಕುಳಿಗಳಿಗೆ ಅರಿವಳಿಕೆ ಬೇಡ. ಕೆಲವು ಹುಳುಕುಗಳನ್ನು ಬೆಳ್ಳಿಯ ಅಂಶವುಳ್ಳ ಔಷಧವನ್ನು ಬಳಿದು ತಡೆಯಲೂಬಹುದು. ಹಲ್ಲು ಕಪ್ಪಾಗುವುದು ಅದರ ಮುಖ್ಯ ಕೊರತೆ. ಹುಳುಕು ಬಾಯಿ ತುಂಬಿ, ಮಗು ಚಿಕ್ಕದಾಗಿ, ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತಿರಲಾರದಾಗ ಮಾತ್ರ ಈ ಮಾರ್ಗ. ನಾಲ್ವರು ಹಿಡಿದು ಅದುಮಿ ಹಲ್ಲು ಕೀಳಿಸುವುದಕ್ಕಿಂತ ಇದು ಎಷ್ಟೋ ದಯೆಯುಳ್ಳದ್ದೆಂದು ನಮ್ಮ ಅಭಿಪ್ರಾಯ. ಅರಿವಳಿಕೆಯು ಲೋಕಪ್ರಸಿದ್ಧವಾದದ್ದೂ ಹಲ್ಲಿನ ವೈದ್ಯರಿಂದಲೇ ಅಲ್ಲವೆ? 1844ರಲ್ಲಿ ಅಮೆರಿಕದ ಹೊರೇಸ್ ವೆಲ್ಸ್ ಎಂಬ ದಂತವೈದ್ಯನು ನಗೆಯನಿಲವನ್ನು ಸೇವಿಸಿ ತನ್ನ ಹಲ್ಲನ್ನೇ ಕೀಳಿಸಿಕೊಂಡನು. 1846ರಲ್ಲಿ ಮಾರ್ಟನ್ ಎಂಬ ಮತ್ತೊಬ್ಬ ದಂತವೈದ್ಯನು ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಈಥರಿನ ಪ್ರಯೋಗವನ್ನು ಎಲ್ಲರೆದುರು ತೋರಿಸಿದನು.

ಮೆದುಳಿಗೆ ಕೇಡೆಂಬ ಭಯವನ್ನೂ ತಾಯಿ ಹೇಳಿಕೊಂಡಳು. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗೂ ಮೀರಿದ, ಅಥವಾ ಮತ್ತೆ ಮತ್ತೆ ಕೊಡುವ ಅರಿವಳಿಕೆಯ ವಿಷಯದಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2016ರಲ್ಲಿ ಎಚ್ಚರಿಕೆ ಕೊಟ್ಟದ್ದು ನಿಜ. ಆದರೆ ಎಳೆಗೂಸುಗಳಾಗಿದ್ದಾಗ ಒಂದು ಗಂಟೆಯೊಳಗೆ ಒಮ್ಮೆ ಮಾತ್ರ ಅರಿವಳಿಕೆ ಪಡೆದ ಮಕ್ಕಳನ್ನು ಐದನೆಯ ವರ್ಷದಲ್ಲಿ ಪರೀಕ್ಷಿಸಿದಾಗ ಬುದ್ಧಿಗೆ ಕುಂದು ಕಾಣಲಿಲ್ಲವೆಂದು 2019ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಎಲ್ಲ ಹಲ್ಲುಗಳನ್ನೂ ಒಂದೇ ಸಲಕ್ಕೆ ಮುಗಿಸುವುದರ ಮರ್ಮವೂ ಇದೇ. ಅರಿವಳಿಕೆಯ ತಜ್ಞರು ಕಡೆಯವರೆಗೂ ಉಸಿರು, ನಾಡಿಗಳನ್ನು ಕಾಯುತ್ತ ಬಳಿಯಲ್ಲೇ ಇರುವ ಆಸ್ಪತ್ರೆಯಲ್ಲದೆ ಬೇರೆಡೆ ಇದಕ್ಕೆ ಒಪ್ಪಬಾರದು.

ನಿಗದಿಯಾದ ದಿನ ನಡೆದುದನ್ನು ಹೇಳಲೇಬೇಕು. ಹಾಲು ಅಥವಾ ಲಘು ಆಹಾರವಾದರೆ ಆರು ಗಂಟೆ, ತಿಳಿನೀರಾದರೆ ಎರಡು ಗಂಟೆ ಮೊದಲು ನಿಲ್ಲಿಸತಕ್ಕದ್ದೆಂದು ವೈದ್ಯರು ಅಪ್ಪಣೆ ಮಾಡಿದ್ದರು. ಹೊಟ್ಟೆಯಲ್ಲಿದ್ದುದು ಮೈಮರೆವಿನಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಮಗುವನ್ನು ಒಳಗೆ ಕರೆದೊಯ್ಯುವ ಹೊತ್ತಿಗೆ ಅಜ್ಜಿಯವರು ದಾದಿಯ ಸೆರಗು ಹಿಡಿದು, “ಹಸಿವು ಅಂತ ಅತ್ತಿತು ತಾಯಿ, ಬೆಳಗಿನ ಜಾವ ಅರ್ಧ ಲೋಟ ಹಾಲು ಕೊಟ್ಟುಬಿಟ್ಟೆ” ಎಂದರು. ಚಿಕಿತ್ಸೆ ನಿಂತಿತು. ಮಗ ರೇಗಿದನು. ನಾವಾದರೋ ಆ ಮುದುಕಿಯ ಧೈರ್ಯವನ್ನು ಮೆಚ್ಚಿದೆವು. ಮಾತು ನುಂಗಿಕೊಂಡಿದ್ದರೆ ಏನಾಗುತ್ತಿತ್ತೋ! ನೆಗಡಿ, ಕೆಮ್ಮು, ಜ್ವರಗಳನ್ನೂ ಹೀಗೆಯೇ ಮುಚ್ಚಿಡದೆ ತಿಳಿಸಬೇಕು.

ಹದಿನೈದು ದಿನಗಳ ಮೇಲೆ ಚಿಕಿತ್ಸೆಯಾಯಿತು. ಮುಂಬಲ್ಲುಗಳಲ್ಲಿ ಎರಡನ್ನು ಕಿತ್ತು, ದವಡೆಯ ಹಲ್ಲುಗಳಿಗೆ ಲೋಹದ ಟೊಪ್ಪಿಗೆ ತೊಡಿಸಿದರು. ಆದರೆ ರೋಗದ ಮೂಲ ಮನೆಯಲ್ಲೇ ಇತ್ತು: ಮಲಗುವಾಗ ಬಾಯಲ್ಲಿಡುತ್ತಿದ್ದ ಸಕ್ಕರೆಹಾಲಿನ ಸೀಸೆ. ಅದು ಹೋಗದಿದ್ದರೆ ಉಳಿದ ಹಲ್ಲುಗಳಿಗೂ ಅದೇ ಗತಿ. ಫ್ಲೋರೈಡುಳ್ಳ ಪೇಸ್ಟನ್ನು ಬಟಾಣಿಕಾಳಿನಷ್ಟು ಹಚ್ಚಿ ದಿನಕ್ಕೆರಡು ಬಾರಿ ಹಿರಿಯರೇ ಉಜ್ಜಬೇಕು; ಮೂರು ವರ್ಷದೊಳಗಾದರೆ ಅಕ್ಕಿಕಾಳಿನಷ್ಟು ಸಾಕು.

ಸೀಸೆಯನ್ನು ಅಜ್ಜಿಯವರೇ ತಿಪ್ಪೆಗೆ ಎಸೆದರಂತೆ. ಮೊನ್ನೆ ಬಂದ ಕಾಗದದಲ್ಲಿ, ಮಗು ಕೊಬ್ಬರಿಯ ಚೂರನ್ನು ಕಟಕಟನೆ ಅಗಿಯುತ್ತದೆಂದೂ, ಟೊಪ್ಪಿಗೆಯ ಹಲ್ಲುಗಳನ್ನು ಬಂದವರಿಗೆಲ್ಲ ತೋರಿಸುತ್ತದೆಂದೂ ಬರೆದಿದ್ದಾರೆ.