ಹಾಸಿಗೆಯ ಉದ್ದ ಅಳೆದವರು ಯಾರು?

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಬಡವನಿಗೆ ಹೇಳುವಷ್ಟು ಸಲ ನಮ್ಮ ದೇಶದಲ್ಲಿ ಬೇರೆ ಯಾರಿಗೂ ಹೇಳುವುದಿಲ್ಲ. ಗಿರಣಿ ಕಾರ್ಮಿಕರು ತುಟ್ಟಿಭತ್ಯೆ ಕೇಳಿದರೆ ಈ ಗಾದೆ. ಊರಿನವರು ಆಸ್ಪತ್ರೆ ಕೇಳಿದರೆ ಈ ಗಾದೆ. ಸಣ್ಣ ವ್ಯಾಪಾರಿ ಸಾಲ ಕೇಳಿದರೂ ಇದೇ ಗಾದೆ. ಗಾದೆ ಸುಳ್ಳಲ್ಲ. ಆದರೆ ಹಾಸಿಗೆಯ ಉದ್ದವೆಷ್ಟು, ಅದನ್ನು ಅಳೆದವರು ಯಾರು, ಅದರ ಮೇಲೆ ಈಗಾಗಲೇ ಕಾಲು ಚಾಚಿ ಮಲಗಿರುವವರು ಯಾರು ಎಂದು ಕೇಳುವ ಹಕ್ಕು ದುಡಿಯುವ ಜನಕ್ಕೆ ಇದೆ. ಕೇಳಬೇಕಾದರೆ ಲೆಕ್ಕ ಗೊತ್ತಿರಬೇಕು. ಅರ್ಥಶಾಸ್ತ್ರಜ್ಞರು ಆ ಲೆಕ್ಕಕ್ಕೆ ಉತ್ಪಾದನಾ ಸಾಧ್ಯತಾ ರೇಖೆ ಎಂದೂ ಅವಕಾಶ ವೆಚ್ಚ ಎಂದೂ ಹೆಸರಿಟ್ಟಿದ್ದಾರೆ. ಹೆಸರು ದೊಡ್ಡದು, ವಿಷಯ ನಮ್ಮ ನಿಮ್ಮ ಮನೆಯದು.

ಅಂಗಡಿಯಿಂದಲೇ ಆರಂಭಿಸೋಣ. ಸ್ವಂತ ಮಳಿಗೆಯಲ್ಲಿ ವ್ಯಾಪಾರ ಮಾಡುವ ಗೃಹಸ್ಥರು "ನಮಗೆ ಬಾಡಿಗೆಯ ಖರ್ಚಿಲ್ಲ" ಎನ್ನುತ್ತಾರೆ. ಖರ್ಚಿದೆ. ಆ ಮಳಿಗೆಯನ್ನು ಇನ್ನೊಬ್ಬರಿಗೆ ಕೊಟ್ಟಿದ್ದರೆ ಬರುತ್ತಿದ್ದ ಬಾಡಿಗೆಯನ್ನು ಅವರು ಪ್ರತಿ ತಿಂಗಳೂ ಬಿಟ್ಟುಕೊಡುತ್ತಿದ್ದಾರೆ. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ತಮ್ಮ ದುಡಿಮೆಯನ್ನೂ ಬೇರೆ ಕಡೆ ಸಂಬಳಕ್ಕೆ ಹೋಗಿದ್ದರೆ ಬರುತ್ತಿದ್ದ ಹಣದಿಂದ ಅಳೆಯಬೇಕು. ಇವೆರಡನ್ನೂ ಕಳೆದ ಮೇಲೆ ಉಳಿದದ್ದೇ ನಿಜವಾದ ಲಾಭ. ಒಂದನ್ನು ಪಡೆಯಲು ಬಿಟ್ಟುಕೊಟ್ಟ ಇನ್ನೊಂದೇ ಅದರ ಬೆಲೆ. ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಫ್ರೀಡ್ರಿಕ್ ಫಾನ್ ವೀಸರ್ ಶಾಸ್ತ್ರಕ್ಕೆ ಸೇರಿಸಿದ ವಿಚಾರದ ತಿರುಳು ಇಷ್ಟೇ.

ಇನ್ನು ಮಗ್ಗದ ಮನೆಗೆ ಬರೋಣ. ಒಂದು ಗಿರಣಿಯ ಎಲ್ಲ ಮಗ್ಗಗಳೂ ಪಂಚೆ ನೇಯ್ದರೆ ದಿನಕ್ಕೆ 1,000 ಪಂಚೆ ಆಗುತ್ತದೆ ಎಂದು ಇಟ್ಟುಕೊಳ್ಳಿ. 100 ಸೀರೆ ಬೇಕೆಂದರೆ ಪಂಚೆ 900ಕ್ಕೆ ಇಳಿಯುತ್ತದೆ. 200 ಸೀರೆ ಬೇಕೆಂದರೆ 700ಕ್ಕೆ, 300 ಬೇಕೆಂದರೆ 400ಕ್ಕೆ, 400 ಸೀರೆ ಬೇಕೇ ಬೇಕೆಂದರೆ ಒಂದು ಪಂಚೆಯೂ ಇಲ್ಲ. ಮೊದಲ 100 ಸೀರೆಗೆ ನಾವು ತೆತ್ತದ್ದು 100 ಪಂಚೆ. ಕೊನೆಯ 100 ಸೀರೆಗೆ ತೆತ್ತದ್ದು 400. ಏಕೆ ಹೀಗೆ? ಮೊದಲು ಸೀರೆಗೆ ತಿರುಗಿಸಿದ್ದು ಸೀರೆಗೆ ಒಗ್ಗುವ ಮಗ್ಗಗಳನ್ನು, ಸೀರೆಯ ಕಸುಬು ಬಲ್ಲ ಕೈಗಳನ್ನು. ಕೊನೆಗೆ ದಪ್ಪ ನೂಲಿನ ಹಳೆಯ ಮಗ್ಗಗಳನ್ನೂ ಎಳೆದು ತರಬೇಕಾಯಿತು. ಅವು ಪಂಚೆಯನ್ನು ಬೇಗ ನೇಯುತ್ತವೆ, ಸೀರೆಗೆ ತಿಣುಕುತ್ತವೆ. ಈ ಅಂಕೆಗಳನ್ನು ಕಾಗದದ ಮೇಲೆ ಬರೆದು ಚುಕ್ಕೆಗಳನ್ನು ಕೂಡಿಸಿದರೆ ಹೊರಕ್ಕೆ ಬಾಗಿದ ಒಂದು ಕಮಾನು ಸಿಗುತ್ತದೆ. ಅದೇ ಸಾಧ್ಯತೆಯ ರೇಖೆ. ಅದೇ ನಮ್ಮ ಹಾಸಿಗೆ.

ಈಗ ಇನ್ನೊಂದು ದಿನದ ಲೆಕ್ಕ. ಆ ದಿನ 100 ಸೀರೆ, 600 ಪಂಚೆ ಮಾತ್ರ ಆಯಿತು. ಉಳಿದ 300 ಪಂಚೆ ಎಲ್ಲಿ ಹೋಯಿತು? ಸೀರೆಯಾಗಿ ಬರಲಿಲ್ಲ; ಮತ್ತಾವುದಾಗಿಯೂ ಬರಲಿಲ್ಲ. ನೂಲು ಬರಲಿಲ್ಲವೆಂದು ಮಗ್ಗ ನಿಂತಿತ್ತು, ಬದಲಿ ಕಾರ್ಮಿಕರು ಗೇಟಿನಿಂದ ಮನೆಗೆ ಹಿಂತಿರುಗಿದರು. ಇಂಥ ದಿನ ನಾವು ರೇಖೆಯ ಒಳಗಿದ್ದೇವೆ, ಅಂದರೆ ಅರ್ಧ ಹಾಸಿಗೆಯನ್ನು ಸುತ್ತಿಟ್ಟು ಮಲಗಿದ್ದೇವೆ. ರೇಖೆಯ ಮೇಲಿದ್ದಾಗ ಒಂದು ಬೇಕಾದರೆ ಇನ್ನೊಂದನ್ನು ಬಿಡಲೇಬೇಕು. ಒಳಗಿದ್ದಾಗ ಎರಡನ್ನೂ ಹೆಚ್ಚಿಸಬಹುದು. ಈ ಭೇದವನ್ನು ಮರೆತು "ಇದು ಬೇಕಾದರೆ ಅದನ್ನು ಬಿಡಿ" ಎನ್ನುವವರು ಲೆಕ್ಕ ತಪ್ಪಿದ್ದಾರೆ, ಇಲ್ಲವೇ ಬೇಕೆಂದೇ ತಪ್ಪಿಸುತ್ತಿದ್ದಾರೆ.

ಅಮೆರಿಕದ ಚರಿತ್ರೆ ಇದಕ್ಕೆ ಒಳ್ಳೆಯ ಸಾಕ್ಷಿ. 1933ರಲ್ಲಿ ಆ ಶ್ರೀಮಂತ ದೇಶದ ದುಡಿಯುವವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಗಿರಣಿಗಳಿದ್ದವು, ಕೈಗಳಿದ್ದವು, ಎರಡೂ ಸುಮ್ಮನಿದ್ದವು. ಯುದ್ಧದ ಬೇಡಿಕೆ ಬಂದಾಗ ಮೊದಮೊದಲು ಶಸ್ತ್ರಾಸ್ತ್ರವೂ ಹೆಚ್ಚಿತು, ಜನರ ಉಪಭೋಗವೂ ಹೆಚ್ಚಿತು. ಏಕೆಂದರೆ ಸುಮ್ಮನಿದ್ದ ಕೈಗಳಿಗೆ ಕೆಲಸ ಸಿಕ್ಕಿತ್ತು. ಮಿತಿ ಮುಟ್ಟುತ್ತಲೇ ಸ್ಥಿತಿ ಬದಲಾಯಿತು. 1942ರ ಫೆಬ್ರವರಿಯಲ್ಲಿ ಕಾರ್ಖಾನೆಗಳು ಸಾರ್ವಜನಿಕರಿಗೆ ಕಾರು ತಯಾರಿಸುವುದನ್ನು ನಿಲ್ಲಿಸಿ ಟ್ಯಾಂಕು, ವಿಮಾನಗಳ ಕೆಲಸಕ್ಕೆ ತಿರುಗಿದವು. ಅದೇ ವರ್ಷ ಸಕ್ಕರೆಗೆ ರೇಷನ್ ಬಂತು. "ಬಂದೂಕೋ ಬೆಣ್ಣೆಯೋ" ಎಂಬ ಪಠ್ಯಪುಸ್ತಕದ ಉದಾಹರಣೆಯನ್ನು ಪಾಲ್ ಸ್ಯಾಮುಯೆಲ್ಸನ್ ತಮ್ಮ 1948ರ ಗ್ರಂಥದಿಂದ ಜಗತ್ತಿನ ಕಾಲೇಜುಗಳಿಗೆಲ್ಲ ಹರಡಿದರು. ಆ ಯುದ್ಧದ ಪಾಠವನ್ನು ನಮ್ಮ ದೇಶ ಪುಸ್ತಕವಿಲ್ಲದೆಯೇ ಕಲಿತಿತ್ತು. ನಮ್ಮ ಗಿರಣಿಗಳು ರಾತ್ರಿ ಪಾಳಿ ಹಾಕಿ ಸೈನ್ಯಕ್ಕೆ ಬಟ್ಟೆ ನೇಯ್ದವು. ಮೈಮುಚ್ಚಲು ಬಟ್ಟೆ ಸಿಗದೆ ಜನ ಪರದಾಡಿದರು. 1943ರಲ್ಲಿ ಬಟ್ಟೆ ಮತ್ತು ನೂಲಿಗೆ ನಿಯಂತ್ರಣ ಬಂತು. ರಾತ್ರಿ ಪಾಳಿಯ ಬಟ್ಟೆಗೆ ಕಾರ್ಮಿಕ ತೆತ್ತದ್ದು ನಿದ್ದೆಯನ್ನು. ಯಾವ ಗಿರಣಿಯ ಖಾತೆ ಪುಸ್ತಕದಲ್ಲೂ ಆ ವೆಚ್ಚಕ್ಕೆ ಕಲಮು ಇರಲಿಲ್ಲ.

ಸ್ವತಂತ್ರ ಭಾರತ ಈ ರೇಖೆಯ ಮೇಲೆ ಮಾಡಿದ ಅತಿ ದೊಡ್ಡ ಆಯ್ಕೆಯೆಂದರೆ 1956ರಲ್ಲಿ ಆರಂಭವಾದ ಎರಡನೆಯ ಪಂಚವಾರ್ಷಿಕ ಯೋಜನೆ. ಪಿ. ಸಿ. ಮಹಾಲನೋಬಿಸ್ ಅವರ ವಾದ ಹೀಗಿತ್ತು: ಇಂದು ಇರುವ ಬಂಡವಾಳವನ್ನೆಲ್ಲ ಬಟ್ಟೆ ಬರೆಗೆ ಹಾಕಿದರೆ ನಾಳೆಯೂ ಹಾಸಿಗೆ ಇಷ್ಟೇ ಉದ್ದ. ಉಕ್ಕಿಗೆ, ಯಂತ್ರ ತಯಾರಿಸುವ ಯಂತ್ರಗಳಿಗೆ ಹಾಕಿದರೆ ನಾಳೆ ಹಾಸಿಗೆಯೇ ಬೆಳೆಯುತ್ತದೆ. ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳಲ್ಲಿ ತಲಾ 10 ಲಕ್ಷ ಟನ್ನಿನ ಉಕ್ಕಿನ ಕಾರ್ಖಾನೆಗಳು ಎದ್ದದ್ದು ಈ ವಾದದ ಬಲದಿಂದ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಕೂಡ ಇದೇ ದಾರಿಯದು. ಹಾಗಾದರೆ ಜನರಿಗೆ ಬಟ್ಟೆ ಎಲ್ಲಿಂದ? 1955ರ ಕರ್ವೆ ಸಮಿತಿ ಉತ್ತರ ಹೇಳಿತು: ಕೈಮಗ್ಗದಿಂದ, ಗ್ರಾಮೋದ್ಯೋಗದಿಂದ. ಕೆಲಸವಿಲ್ಲದೆ ಕುಳಿತ ನೇಕಾರ ನೇಯ್ದರೆ ದೇಶ ಬೇರೇನನ್ನೂ ಬಿಡಬೇಕಾಗಿಲ್ಲ. ಉಕ್ಕಿಗೆ ಬೇಕಾದ ಬಂಡವಾಳವೂ ಬೇಡ. ಲೆಕ್ಕ ಸೊಗಸಾಗಿತ್ತು. ಗಿರಣಿಗಳ ಮಗ್ಗದ ಸಂಖ್ಯೆಗೆ 1956ರಲ್ಲಿ ಮಿತಿ ಬಿತ್ತು.

ಆದರೆ ಕಾಗದದ ಮೇಲೆ ಬಿಟ್ಟ ಜಾಗದಲ್ಲಿ ಬಯಸಿದವರೇ ಬಂದು ಕೂರುವುದಿಲ್ಲ. ಕೈಮಗ್ಗಕ್ಕೆಂದು ಬಿಟ್ಟ ಜಾಗದ ದೊಡ್ಡ ಪಾಲನ್ನು ಕಾಲಕ್ರಮದಲ್ಲಿ ವಿದ್ಯುತ್ ಮಗ್ಗಗಳು ತುಂಬಿದವು. 1985ರ ಜವಳಿ ನೀತಿಯಲ್ಲಿ ಗಿರಣಿಗಳ ಮೇಲಿನ ಕಟ್ಟು ಸಡಿಲವಾಗುವ ಹೊತ್ತಿಗೆ ಎಷ್ಟೋ ಹಳೆಯ ಗಿರಣಿಗಳು ಸೊರಗಿದ್ದವು. ಕೈಮಗ್ಗದವನಿಗೆ ಪೂರ್ತಿ ದಕ್ಕಲಿಲ್ಲ, ಗಿರಣಿಯವನಿಗೆ ಉಳಿಯಲಿಲ್ಲ.

ಆಹಾರದ ಕಥೆಯೂ ಹೀಗೆಯೇ. ಅನ್ನ, ಬಟ್ಟೆಗಳಂಥ ಕೂಲಿಕಾರನ ಪದಾರ್ಥಗಳ ಕೊರತೆಯೇ ನಿರುದ್ಯೋಗದ ಬೇರು, ಮೊದಲು ಅವನ್ನು ಬೆಳೆಸಿ ಎಂದು ಸಿ. ಎನ್. ವಕೀಲ್ ಮತ್ತು ಪಿ. ಆರ್. ಬ್ರಹ್ಮಾನಂದ 1956ರಲ್ಲೇ ವಾದಿಸಿದ್ದರು. ಕೆಲಸಕ್ಕೆ ಕರೆದ ಕೈಗೆ ಊಟ ಬೇಕಲ್ಲವೆ? ಆ ಮಾತು ಅಂದು ನಡೆಯಲಿಲ್ಲ. ಯೋಜನೆಯ ನಡುವೆ ಧಾನ್ಯದ ಬೆಲೆ ಏರಿತು; 1957ರಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು; 1958ರಲ್ಲಿ ಯೋಜನೆಯನ್ನೇ ಕತ್ತರಿಸಬೇಕಾಯಿತು; ಅಮೆರಿಕದ ಗೋಧಿಗೆ ಕೈಯೊಡ್ಡಬೇಕಾಯಿತು. ಉಕ್ಕು ಬೇಡವಾಗಿತ್ತೆಂದು ನಾವು ಹೇಳುವುದಿಲ್ಲ. ಉಕ್ಕಿಲ್ಲದ ದೇಶ ಇನ್ನೊಬ್ಬರ ಬಾಗಿಲು ಕಾಯಬೇಕು. ನಾವು ಹೇಳುವುದಿಷ್ಟೇ: ಉಕ್ಕಿನ ಬೆಲೆಯನ್ನು ಅನ್ನದಲ್ಲಿ ತೆರಬೇಕಾಗುತ್ತದೆ ಎಂದಾದರೆ, ಅದನ್ನು ಯಾರ ತಟ್ಟೆಯಿಂದ ತೆಗೆಯುತ್ತೇವೆ ಎಂಬುದನ್ನೂ ಜನರ ಮುಂದೆ ಇಡಬೇಕಾಗಿತ್ತು. ಬೆಲೆ ಏರಿದಾಗ ದಾಸ್ತಾನು ಇದ್ದವನಿಗೆ ಹಬ್ಬ, ನಿಗದಿಯಾದ ಕೂಲಿಯವನಿಗೆ ಉಪವಾಸ, ಉದ್ದರಿ ಕೊಟ್ಟು ವಸೂಲಾಗದ ಸಣ್ಣ ಅಂಗಡಿಯವನಿಗೆ ದಿವಾಳಿ.

ರೇಖೆ ತೋರಿಸುವುದು ಏನೇನು ಸಾಧ್ಯ ಎಂಬುದನ್ನು ಮಾತ್ರ. ಅದರ ಮೇಲೆ ಯಾವ ಚುಕ್ಕೆಯಲ್ಲಿ ನಿಲ್ಲಬೇಕು ಎಂಬುದನ್ನು ಅದು ಹೇಳಲಾರದು. ಬೆಳೆದದ್ದನ್ನು ಹಂಚುವುದು ಹೇಗೆ ಎಂಬುದನ್ನೂ ಹೇಳಲಾರದು. ಅದು ಶಾಸ್ತ್ರಜ್ಞರ ಕೆಲಸವಲ್ಲ, ಜನರ ಕೆಲಸ. ಆದ್ದರಿಂದ ಯಾವ ಸರ್ಕಾರವಾಗಲಿ, ಯಾವ ಮಾಲೀಕರಾಗಲಿ "ಸಾಧ್ಯವಿಲ್ಲ" ಎಂದಾಗ ನಮ್ಮ ಓದುಗರು ಮೂರು ಪ್ರಶ್ನೆಗಳನ್ನು ಕೇಳಬೇಕು. ಸುಮ್ಮನಿರುವ ಕೈಗಳೂ ನಿಂತಿರುವ ಮಗ್ಗಗಳೂ ಎಷ್ಟಿವೆ? ನಮ್ಮ ಬೇಡಿಕೆಗೆ ಬದಲಾಗಿ ನೀವು ಆರಿಸಿಕೊಂಡದ್ದು ಯಾವುದು? ಅದರ ಬೆಲೆ ತೆರುವವರು ಯಾರು, ಫಲ ಉಣ್ಣುವವರು ಯಾರು?

ಕಾರ್ಮಿಕ ಸಂಘದ ಸಭೆಯಲ್ಲಿ ಕೇಳಿ, ವರ್ತಕರ ಸಂಘದಲ್ಲಿ ಕೇಳಿ, ಮತ ಕೇಳಲು ಬಂದವರನ್ನು ನಿಲ್ಲಿಸಿ ಕೇಳಿ. ಮೂರಕ್ಕೂ ನೇರ ಉತ್ತರ ಕೊಟ್ಟವರು ತ್ಯಾಗ ಕೇಳಿದರೆ ದುಡಿಯುವ ಜನ ಹಿಂಜರಿಯುವವರಲ್ಲ. ಉತ್ತರ ಕೊಡದೆ ಗಾದೆ ಹೇಳುವವರಿಗೆ, ಮೊದಲು ನಿಮ್ಮ ಕಾಲು ಮಡಿಸಿಕೊಳ್ಳಿ, ಆಮೇಲೆ ಹಾಸಿಗೆ ಅಳೆಯೋಣ ಎಂದು ಹೇಳಿದರೆ ತಪ್ಪಿಲ್ಲ.