ಕರೆದಾಗ ಮಾತ್ರ ಎದ್ದು ಬಾ ಅನ್ನೋ ಲೆಕ್ಕ

ಭಾಗ 1/4

ಹೋದ ಭಾನುವಾರ ಬೆಳಗ್ಗೆ ನಾಲ್ಕೂವರೆಗೆ ನಮ್ಮ ಕೇಟರಿಂಗ್ ಗ್ರೂಪ್‌ನಲ್ಲಿ ಮೆಸೇಜ್ ಬಂತು. "15 ಹುಡುಗ್ರು ಬೇಕು. ಆರು ಗಂಟೆಗೆ ಛತ್ರದ ಹತ್ರ ಇರಿ." ನಾನು ವೀಕೆಂಡ್ ಮದುವೆಗಳಿಗೆ ಬಡಿಸೋಕೆ ಹೋಗ್ತೀನಿ ಅಂತ ಈ ಪೇಜ್ ಫಾಲೋ ಮಾಡೋರಿಗೆಲ್ಲಾ ಗೊತ್ತೇ ಇದೆ. ಹೆಸರು ಹಾಕಿದೆ, ಕಪ್ಪು ಪ್ಯಾಂಟ್ ಇಸ್ತ್ರಿ ಮಾಡ್ಕೊಂಡು ಮೊದಲನೇ ಬಸ್ ಹತ್ತಿದೆ. ಛತ್ರ ತಲುಪಿದ ಮೇಲೆ ಗೊತ್ತಾಯ್ತು, "ಜನ ಕಮ್ಮಿ ಅಂತೆ, 12 ಸಾಕು. ನೀವು ಮೂರು ಜನ ಹೋಗಿ." ಅಷ್ಟೇ. ಬಸ್ ಚಾರ್ಜ್ ನನ್ನದೇ, ಕೆಟ್ಟ ನಿದ್ದೆನೂ ನನ್ನದೇ.

ರೂಮಿಗೆ ವಾಪಸ್ ಬಂದು ಗೊಣಗ್ತಾ ಇದ್ದಾಗ ನನ್ನ ರೂಮ್‌ಮೇಟ್ (ಬಿಸಿಎ ಓದ್ತಾನೆ) ನಗಾಡಿದ. "ನಿಮ್ಮನ್ನೆಲ್ಲಾ ಐನೆಟ್‌ಡಿ ಥರ ಎಬ್ಬಿಸ್ತಾರೆ ಕಣೋ" ಅಂದ. ಹಾಗಂದ್ರೆ ಏನು ಅಂತ ಕೇಳಿದೆ. ಅವನು ಹೇಳಿದ್ದು, ಆಮೇಲೆ ನಾನೇ ಒಂದು ವಾರ ಓದಿದ್ದು ಸೇರಿಸಿ ಇಲ್ಲಿ ಬರೀತಿದ್ದೀನಿ. ಕಾಮರ್ಸ್‌ನವ್ರು ಹೆದರಬೇಡಿ, ಇದು ನಮ್ಮ ಕಾಸ್ಟಿಂಗ್ ಪಾಠನೇ.

ಭಾಗ 2/4

ಒಂದು ಸರ್ವರ್ ಕಂಪ್ಯೂಟರ್ ಹಲವು ಸೇವೆ ಕೊಡುತ್ತೆ. ಫೈಲ್ ಕಳಿಸೋದು ಒಂದು, ದೂರದಿಂದ ಲಾಗಿನ್ ಆಗೋಕೆ ಬಿಡೋದು ಇನ್ನೊಂದು, ಟೈಮ್ ಎಷ್ಟು ಅಂತ ಹೇಳೋದು ಮತ್ತೊಂದು. ಪ್ರತಿ ಸೇವೆಗೂ ಒಂದೊಂದು ಪೋರ್ಟ್ ನಂಬರ್. ಎಫ್‌ಟಿಪಿಗೆ 21, ಟೆಲ್‌ನೆಟ್‌ಗೆ 23, ಫಿಂಗರ್‌ಗೆ 79. ಮೊದಲು ಪ್ರತಿ ಸೇವೆಯ ಪ್ರೋಗ್ರಾಮ್ ಕೂಡ ಕಂಪ್ಯೂಟರ್ ಆನ್ ಆದಾಗಿಂದ ಹಿನ್ನೆಲೆಯಲ್ಲಿ ಎದ್ದು ಕೂತಿರಬೇಕಿತ್ತು, ಯಾರಾದ್ರೂ ಬರಲಿ ಬರದೇ ಇರಲಿ. ಸುಮ್ನೆ ಕೂತ್ರೂ ಅದು ಜಾಗ ತಿನ್ನುತ್ತೆ. ನಮ್ಮ ಫೋನ್‌ನಲ್ಲಿ ಮೆಮೊರಿಯನ್ನ ಗಿಗಾಬೈಟ್‌ನಲ್ಲಿ ಎಣಿಸ್ತೀವಿ, ಆಗ ದೊಡ್ಡ ಯಂತ್ರಗಳಲ್ಲೂ ಮೆಗಾಬೈಟ್‌ನಲ್ಲೇ ಎಣಿಸ್ತಿದ್ರು.

1986ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದ 4.3ಬಿಎಸ್‌ಡಿ ಯುನಿಕ್ಸ್‌ನಲ್ಲಿ ಇದಕ್ಕೊಂದು ಪರಿಹಾರ ಇತ್ತು. ಅದೇ ಐನೆಟ್‌ಡಿ. ಹಾಸ್ಟೆಲ್ ಗೇಟ್ ವಾಚ್‌ಮನ್ ಅಂದ್ಕೊಳ್ಳಿ. ಎಲ್ಲಾ ರೂಮಿನವ್ರೂ ಗೇಟಲ್ಲಿ ನಿಂತು ಕಾಯೋ ಬದಲು ಇವನೊಬ್ಬನೇ ಕಾಯ್ತಾನೆ. ಯಾರಾದ್ರೂ ಬಂದ್ರೆ ಯಾವ ರೂಮು ಅಂತ ಕೇಳಿ ಅವರನ್ನ ಮಾತ್ರ ಕರೀತಾನೆ.

ಐನೆಟ್‌ಡಿ ಹತ್ರ ಒಂದು ಪಟ್ಟಿ ಇರುತ್ತೆ. ಒಂದು ಸೇವೆಗೆ ಒಂದು ಸಾಲು: ಸೇವೆಯ ಹೆಸರು, ಯಾರ ಹೆಸರಲ್ಲಿ ಓಡಿಸಬೇಕು, ಯಾವ ಪ್ರೋಗ್ರಾಮ್ ಎಬ್ಬಿಸಬೇಕು. ಪಟ್ಟಿಯಲ್ಲಿರೋ ಎಲ್ಲಾ ಪೋರ್ಟ್‌ಗಳಿಗೂ ಅದೊಂದೇ ಕಿವಿ ಕೊಟ್ಟು ಕೂತಿರುತ್ತೆ. 21ಕ್ಕೆ ಕರೆ ಬಂತು ಅಂದ್ರೆ ತನ್ನದೇ ಒಂದು ನಕಲು ಮಾಡ್ಕೊಳ್ಳುತ್ತೆ. ಆ ನಕಲು ಎಫ್‌ಟಿಪಿ ಪ್ರೋಗ್ರಾಮ್ ಆಗಿ ಬದಲಾಗುತ್ತೆ, ಬಂದ ಸಂಪರ್ಕ ಅದರ ಕೈಗೆ ಹೋಗುತ್ತೆ. ಕೆಲಸ ಮುಗೀತು, ಪ್ರೋಗ್ರಾಮ್ ಮುಗೀತು, ಮೆಮೊರಿ ಖಾಲಿ. ಟೈಮ್ ಹೇಳೋದರಂಥ ಚಿಲ್ಲರೆ ಕೆಲಸ ಆದ್ರೆ ಬೇರೆ ಯಾರನ್ನೂ ಎಬ್ಬಿಸದೆ ತಾನೇ ಮಾಡಿ ಮುಗಿಸುತ್ತೆ.

ಇನ್ನೊಂದು ಒಳ್ಳೇ ವಿಷಯ. ಎದ್ದು ಬರೋ ಪ್ರೋಗ್ರಾಮ್‌ಗೆ ನೆಟ್‌ವರ್ಕ್ ವಿದ್ಯೆ ಗೊತ್ತಿರಬೇಕು ಅಂತಾನೇ ಇಲ್ಲ. ಕೀಬೋರ್ಡಿಂದ ಓದಿ ಸ್ಕ್ರೀನ್ ಮೇಲೆ ಬರೆಯೋ ಥರ ಓದಿ ಬರೆದ್ರೆ ಸಾಕು. ಆ ಕಡೆ ಕೂತವರಿಗೆ ತಲುಪುತ್ತೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫಿಕ್ಸೆಡ್ ಕಾಸ್ಟ್ ವೇರಿಯಬಲ್ ಕಾಸ್ಟ್ ಆಯ್ತು.

ಭಾಗ 3/4

ಹಾಗಂತ ಇದು ಪುಕ್ಕಟೆ ಅಲ್ಲ. ಪ್ರತಿ ಸಲ ಹೊಸದಾಗಿ ಎಬ್ಬಿಸೋಕೆ ಸಮಯ ಬೇಕು. ದಿನಕ್ಕೆ ನಾಲ್ಕು ಕರೆ ಬಂದ್ರೆ ಲಾಭ, ಸೆಕೆಂಡಿಗೆ ನೂರು ಬಂದ್ರೆ ನಷ್ಟ. ವೆಬ್ ಬಂದ ಮೇಲೆ ಇದೇ ಆಯ್ತು. ಅಪಾಚೆ ವೆಬ್ ಸರ್ವರನ್ನ 1.3ನೇ ಆವೃತ್ತಿ ತನಕ ಐನೆಟ್‌ಡಿ ಮೂಲಕ ಎಬ್ಬಿಸೋಕೆ ಅವಕಾಶ ಇತ್ತು, 2.0ರಲ್ಲಿ ತೆಗೆದೇ ಬಿಟ್ರು. ಯಾವಾಗಲೂ ಗಿರಾಕಿ ಇರೋ ಅಂಗಡಿಗೆ ಸಾಲಾಗಿ ನಿಂತಿರೋ ಕೆಲಸಗಾರರೇ ಬೇಕು.

ಆದ್ರೆ ಐಡಿಯಾ ಸಾಯಲಿಲ್ಲ. 2005ರಲ್ಲಿ ಆಪಲ್ ತನ್ನ ಮ್ಯಾಕ್‌ಗೆ ಲಾಂಚ್‌ಡಿ ತಂತು. 2010ರಲ್ಲಿ ಲಿನಕ್ಸ್‌ಗೆ ಸಿಸ್ಟಮ್‌ಡಿ ಬಂತು. ಅದರಲ್ಲಿ ಸೇವೆ ಇನ್ನೂ ಏಳ್ತಾ ಇರುವಾಗ ಕರೆ ಬಂದ್ರೆ ವಾಪಸ್ ಕಳಿಸಲ್ಲ, ಸಾಲಲ್ಲಿ ಕೂರಿಸುತ್ತೆ. 2014ರಲ್ಲಿ ಅಮೆಜಾನ್ ಲ್ಯಾಂಬ್ಡಾ ಬಂತು, ಕೋಡ್ ಓಡಿದಷ್ಟಕ್ಕೆ ಮಾತ್ರ ಬಿಲ್. ಹೆಸರು ಹೊಸದು, ಕಾಯೋರು ಒಬ್ಬರು ಏಳೋರು ಇನ್ನೊಬ್ಬರು ಅನ್ನೋ ಲೆಕ್ಕ ಹಳೇದೇ.

ನನಗೆ ಇಷ್ಟ ಆಗಿದ್ದು ಇನ್ನೊಂದು. ಒಂದೇ ಸೇವೆಯನ್ನ ಒಂದು ನಿಮಿಷದಲ್ಲಿ ಅತಿಯಾಗಿ ಎಬ್ಬಿಸ್ತಿದ್ರೆ ಐನೆಟ್‌ಡಿ ಏನೋ ಎಡವಟ್ಟಾಗಿದೆ ಅಂತ ಸ್ವಲ್ಪ ಹೊತ್ತು ಅದನ್ನ ನಿಲ್ಲಿಸಿಬಿಡುತ್ತೆ. ಲಿನಕ್ಸ್‌ನಲ್ಲಿ ಬಳಸ್ತಿದ್ದ ಒಂದು ಹಳೇ ಆವೃತ್ತಿಯಲ್ಲಿ ಈ ಮಿತಿ ನಿಮಿಷಕ್ಕೆ 40. ಯಂತ್ರಕ್ಕೂ "ಸಾಕು" ಅನ್ನೋ ಒಂದು ಗೆರೆ ಇದೆ.

ಭಾಗ 4/4

ಈಗ ನನ್ನ ಮಾತು. ರೂಮ್‌ಮೇಟ್ ನಮ್ಮನ್ನ ಐನೆಟ್‌ಡಿ ಥರ ಎಬ್ಬಿಸ್ತಾರೆ ಅಂದ. ನಾನು ಹೇಳೋದು, ಅಷ್ಟು ಮಾಡಿದ್ರೂ ಚೆನ್ನಾಗಿರ್ತಿತ್ತು!

ಯಾಕಂದ್ರೆ ಐನೆಟ್‌ಡಿ 12 ಕರೆ ಬಂದ್ರೆ 12 ಪ್ರೋಗ್ರಾಮ್ ಎಬ್ಬಿಸುತ್ತೆ. 15 ಎಬ್ಬಿಸಿ ಮೂರನ್ನ ವಾಪಸ್ ಕಳಿಸಲ್ಲ. ಅಲ್ಲಿ ಕಾಯೋ ಕೆಲಸ ಐನೆಟ್‌ಡಿದು, ಅದರ ಖರ್ಚು ಯಂತ್ರದ ಯಜಮಾನಂದು. ಕರೆಯದೇ ಇರೋ ಪ್ರೋಗ್ರಾಮ್ ಡಿಸ್ಕ್ ಮೇಲಿರೋ ಒಂದು ಫೈಲ್ ಅಷ್ಟೇ, ಅದಕ್ಕೆ ಹಸಿವಿಲ್ಲ, ರೂಮ್ ಬಾಡಿಗೆ ಇಲ್ಲ. ಕರೆಯದೇ ಇದ್ರೂ ನಾನು ಇರ್ತೀನಿ. ಭಾನುವಾರ ಖಾಲಿ ಇಟ್ಕೊಂಡಿರ್ತೀನಿ, ಬೇರೆ ಕಡೆ ಬಂದ ಟ್ಯೂಷನ್ ಬಿಟ್ಟಿರ್ತೀನಿ, ಮೆಸ್ ಬಿಲ್ ಕಟ್ಟಿರ್ತೀನಿ. ಕಾಯೋ ಖರ್ಚು ಎಲ್ಲೂ ಮಾಯ ಆಗಿಲ್ಲ. ಅವರ ಲೆಡ್ಜರಿಂದ ನನ್ನ ಲೆಡ್ಜರಿಗೆ ಬಂದಿದೆ, ಎಂಟ್ರಿ ಮಾತ್ರ ಯಾರೂ ಹಾಕಿಲ್ಲ.

ಕಂಟ್ರಾಕ್ಟರ್ ಅಣ್ಣನ ಕಡೆಯಿಂದಲೂ ಯೋಚನೆ ಮಾಡಿದೆ. ಆಷಾಢದಲ್ಲಿ ಮದುವೆಗಳೇ ಇರಲ್ಲ, ಆಗಲೂ ತಿಂಗಳ ಸಂಬಳ ಕೊಡು ಅಂದ್ರೆ ಅವರು ಮುಳುಗ್ತಾರೆ. ಮದುವೆ ಮನೆಯವ್ರು ರಾತ್ರಿ ಹತ್ತಕ್ಕೆ ಫೋನ್ ಮಾಡಿ ಎಲೆ ಲೆಕ್ಕ ಬದಲಾಯಿಸಿದ್ರೆ ಅವರೇನು ಮಾಡ್ತಾರೆ? ಅದಕ್ಕೇ ನಾನು ಸಂಬಳ ಕೇಳ್ತಿಲ್ಲ. ಕರೆಸಿ ವಾಪಸ್ ಕಳಿಸಿದ್ರೆ ಬಸ್ ಚಾರ್ಜ್ ಮತ್ತು ಅರ್ಧ ಕೂಲಿ ಕೊಡಿ ಅಂತ ಕೇಳ್ತಿದ್ದೀನಿ. ಅದನ್ನ ಮದುವೆ ಮನೆಯ ಬಿಲ್ಲಿಗೆ ಸೇರಿಸಿದ್ರೆ ಯಾರಿಗೂ ಭಾರ ಆಗಲ್ಲ.

ಇದೇನೂ ಹೊಸ ಮಾತಲ್ಲ. 2025ರಲ್ಲಿ ಕರ್ನಾಟಕದಲ್ಲಿ ಆ್ಯಪ್ ಮೂಲಕ ದುಡಿಯೋ ಗಿಗ್ ಕಾರ್ಮಿಕರಿಗೆ ಅಂತಲೇ ಕಾನೂನು ಬಂತು. ಅವರ ಸಾಮಾಜಿಕ ಭದ್ರತೆಗಾಗಿ ಆ್ಯಪ್ ಕಂಪನಿಗಳು ಕಲ್ಯಾಣ ಶುಲ್ಕ ಕಟ್ಟಬೇಕು. ನಮ್ಮದು ಆ್ಯಪ್ ಅಲ್ಲ, ಬರೀ ವಾಟ್ಸಾಪ್ ಗ್ರೂಪ್. ಹಾಗಾಗಿ ನಾವು ಅದರಲ್ಲಿ ಬರಲ್ಲ. ಆದ್ರೆ ಕರೆದಾಗ ಬರೋರ ಭಾರವನ್ನ ಕರೆಯೋರೂ ಸ್ವಲ್ಪ ಹೊರಬೇಕು ಅನ್ನೋ ನ್ಯಾಯ ಒಂದೇ ತಾನೆ?

ಮೊನ್ನೆ ರಾತ್ರಿ ಗ್ರೂಪಲ್ಲಿ ಬರೆದೆ: "ಅಣ್ಣ, ಕರೆಸಿ ವಾಪಸ್ ಕಳಿಸಿದ್ರೆ ಬಸ್ ಚಾರ್ಜ್, ಅರ್ಧ ಕೂಲಿ ಕೊಡಿ." ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ಇಬ್ಬರು ಹುಡುಗ್ರು ಪರ್ಸನಲ್ ಆಗಿ "ಸರಿಯಾಗಿ ಹೇಳ್ದೆ ಮಚ್ಚಾ" ಅಂದ್ರು. ಗ್ರೂಪಲ್ಲಿ ಯಾರೂ ಬಾಯಿ ಬಿಟ್ಟಿಲ್ಲ. ಬರೋ ಭಾನುವಾರ ನನ್ನ ಹೆಸರನ್ನ ಲಿಸ್ಟಿಂದ ತೆಗೆದ್ರೂ ತೆಗೀಬಹುದು. ಆ ದುಡ್ಡಿಲ್ಲದೇ ಇದ್ರೆ ಈ ತಿಂಗಳ ಮೆಸ್ ಬಿಲ್ ಕಷ್ಟನೇ. ಆದ್ರೂ ಬರೆದಿದ್ದನ್ನ ಡಿಲೀಟ್ ಮಾಡಿಲ್ಲ.

ನಿಮಗೆ ಎರಡು ಮಾತು. ನೀವೂ ಇಂಥ ಗ್ರೂಪಲ್ಲಿದ್ರೆ ಪರ್ಸನಲ್ ಆಗಿ ಅಲ್ಲ, ಗ್ರೂಪಲ್ಲೇ ಬರೀರಿ. ನಿಮ್ಮ ಮನೇಲಿ ಮದುವೆ ಇದ್ರೆ ಎಲೆ ಲೆಕ್ಕವನ್ನ ಹಿಂದಿನ ದಿನ ಸಂಜೆ ಒಳಗೇ ಹೇಳಿ. ನಿಮ್ಮ ಒಂದು ಫೋನ್ ಕಾಲ್ ತಡ ಆದ್ರೆ ನಮ್ಮಲ್ಲಿ ಮೂರು ಜನ ಸುಮ್ನೆ ಎದ್ದು ಬಂದಿರ್ತಾರೆ.

ನಿಮ್ಮನ್ನ ಯಾರಾದ್ರೂ ಹೀಗೆ ಕರೆಸಿ ವಾಪಸ್ ಕಳಿಸಿದ್ದಾರಾ? ಕಾಮೆಂಟಲ್ಲಿ ಬರೀರಿ, ಎಲ್ಲಾ ಓದ್ತೀನಿ 👇

#ಬಿಕಾಂಹುಡುಗನಲೆಕ್ಕ #ಐನೆಟ್‌ಡಿ #ಕೇಟರಿಂಗ್‌ಬಾಯ್ಸ್ #ಕಾಯೋಖರ್ಚು